ಶುದ್ಧ ಎಂದು ಬರೆದವರು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರವರು ಹೇಳುತ್ತಾರೆ. ಹೇಳಲಿ. ಸತ್ತ ಹೆಂಗಸರ ಮೈ ತೊಳೆಯುವವಳು ನಾನು. ನನಗಿಂತ ಮೊದಲು ಅಮ್ಮ ಆ ಕೆಲಸ ಮಾಡುತ್ತಿದ್ದಳು. ಅವಳು ತೊಳೆದವರೆಲ್ಲ ನಮ್ಮ ಹಳ್ಳದ ನೀರಿನಲ್ಲೇ ಮಿಂದು ಮಣ್ಣಿಗೆ ಹೋದವರು. ಹಾಸಿಗೆ ಹಿಡಿದ ಮೇಲೆ ಅವಳು ಕೇಳಿದ್ದೂ ಅಷ್ಟೇ. "ನನ್ನನ್ನೂ ಹಳ್ಳದ ನೀರಲ್ಲೇ ತೊಳಿ, ರ್ಹಿಮೊ."

ಹಳ್ಳಕ್ಕೋ ಆ ಹೊತ್ತಿಗೆ ಬೂಷ್ತಾನ ಆಲಿವ್ ಗಾಣದ ಕಪ್ಪು ನೀರು ಬೀಳುತ್ತಿತ್ತು. ಎಣ್ಣೆ ಹಿಂಡುವ ತಿಂಗಳುಗಳಲ್ಲಿ ಒಂದು ಕಪ್ಪೆಯೂ ಉಳಿಯುತ್ತಿರಲಿಲ್ಲ. ದಡಕ್ಕೆ ಹೋದರೆ ವಾಂತಿ ಬರುತ್ತಿತ್ತು.

ಆ ವರ್ಷ ರಾಜಧಾನಿ ರಬಾತ್‌ನಿಂದ ಒಂದು ನೆರವು ನಿಧಿಯ ಸುದ್ದಿ ಬಂತು. ಊರವರೂ ಗಾಣದವರೂ ಒಟ್ಟಾಗಿ ಅರ್ಜಿ ಹಾಕಿದರೆ, ಕಪ್ಪು ನೀರನ್ನು ಬಿಸಿಲಿಗೆ ಒಣಗಿಸುವ ಹೊಂಡಕ್ಕೆ ಹಣ ಕೊಡುತ್ತಾರಂತೆ. ಹೊಂಡ ತೋಡಲು ಮನೆಗೊಂದು ಆಳು ಎಂದು ಊರು ಒಪ್ಪಿತು. ಒಪ್ಪದವನು ಬೂಷ್ತಾ. ಅವನ ಗಾಣದ ಬಾಗಿಲಲ್ಲಿ ನಾಲ್ಕು ದಿನ ಕೂತೆ.

"ಹೆಣ ತೊಳೆಯೋಳು ಬಾಗಿಲಲ್ಲಿ ಕೂತ್ರೆ ಗಿರಾಕಿ ಬರ್ತಾರಾ? ಕೊಡು ಇತ್ಲಾಗೆ," ಎಂದು ಐದನೆಯ ದಿನ ಸಹಿ ಹಾಕಿದ.

ನನಗೆ ಓದು ಬರಹ ಬಾರದು. ಅರ್ಜಿ ತುಂಬಿದ್ದು ಮಸೀದಿಯ ಫಕೀಹ ಸಿ ಅಬ್ದೆಸ್ಲಾಮ್, ನಮಾಜು ನಡೆಸುವ ಹಿರಿಯರು. ಮುತ್ತಿನಂಥ ಅಕ್ಷರ. ಸುಳ್ಳಾಡಿದವರಲ್ಲ.

ಬೇಸಿಗೆಯಲ್ಲಿ ಉತ್ತರ ಬಂತು. ಬೂಷ್ತಾ ಓದಿ ಹೇಳಿದ: ನಿಮ್ಮ ನೀರು ಶುದ್ಧವೆಂದು ನೀವೇ ಬರೆದಿದ್ದೀರಿ, ಹಣ ಬೇರೆ ಹಳ್ಳಕ್ಕೆ ಹೋಗಿದೆ.

ಸೀದಾ ಮಸೀದಿಗೆ ಹೋದೆ.

"ಏನ್ ಬರ್ದ್ರಿ ನೀವು?"

"ನೀರು ಶುದ್ಧವೋ ಅಲ್ವೋ ಅಂತ ಕೇಳಿದ್ರು," ಅಂದರು ಫಕೀಹ. "ಆಲಿವ್ ಏನು ಮೈಲಿಗೇನಮ್ಮ? ಅಲ್ಲಾಹ ಹರಸಿದ ಮರ. ಅದು ಸೇರಿದ ನೀರು ಶುದ್ಧವೇ. ಧರ್ಮದ ಮಾತಲ್ಲಿ ಸುಳ್ಳು ಬರೀಲಾ?"

"ಅವ್ರು ಕೇಳಿದ್ದು ಹೊಲಸಿನ ಮಾತು."

"ಕಾಗದದಲ್ಲಿ ಇದ್ದಿದ್ದು ಶುದ್ಧ ಅಂತ."

ಅಮ್ಮನಿಗೆ ಏನೂ ಹೇಳಲಿಲ್ಲ. ಹೊಂಡ ತೋಡುತ್ತಿದ್ದಾರಾ ಎಂದು ಅವಳು ದಿನವೂ ಕೇಳುತ್ತಿದ್ದಳು. ಹೂಂ ಅನ್ನುತ್ತಿದ್ದೆ.

ಡಿಸೆಂಬರಿನಲ್ಲಿ, ಗಾಣ ತಿರುಗುತ್ತಿರುವಾಗಲೇ, ಅಮ್ಮ ಹೋದಳು. ಹಟಕ್ಕೆ ಬಿದ್ದು ಹಳ್ಳದಿಂದ ಎರಡು ಕೊಡ ನೀರು ತಂದು ಅಂಗಳದಲ್ಲಿಟ್ಟೆ. ಕಾಫಿಯ ಗಸಿಯಂಥ ನೀರು. ನಮಾಜಿಗೆಂದು ಬಂದ ಫಕೀಹ ಕೈ ಅಡ್ಡ ಹಿಡಿದರು.

"ಇದ್ರಲ್ಲಿ ತೊಳೆಯೋ ಹಾಗಿಲ್ಲ, ರ್ಹಿಮೊ."

"ಶುದ್ಧ ಅಂದಿದ್ರಲ್ಲ."

"ಶುದ್ಧ ಹೌದು. ಆದ್ರೆ ಬಣ್ಣ, ವಾಸನೆ ಕೆಟ್ಟ ನೀರು ಇನ್ನೊಂದನ್ನ ಶುದ್ಧ ಮಾಡಲ್ಲ."

"ಇದನ್ನ ಅರ್ಜೀಲಿ ಬರ್ದ್ರಾ?"

"ಅವ್ರು ಕೇಳಲಿಲ್ಲ."

ಅಂಗಡಿಯಿಂದ ಹನ್ನೆರಡು ಬಾಟಲಿ ನೀರು ತರಿಸಿ, ಒಂದೊಂದೇ ಮುಚ್ಚಳ ತಿರುಗಿಸುತ್ತ ಅಮ್ಮನನ್ನು ತೊಳೆದೆ. ಅವಳು ಕೇಳಿದ್ದು ಒಂದೇ ಒಂದು, ಅದನ್ನೂ ನಡೆಸಲಾಗಲಿಲ್ಲ. ಅವಳ ಮೈಯಿಂದ ಇಳಿದ ನೀರು ಅಂಗಳ ದಾಟಿ ಹಳ್ಳ ಸೇರಿತು. ಆ ಚಳಿಗಾಲ ನಮ್ಮೂರಿಂದ ಹಳ್ಳಕ್ಕೆ ಹೋದ ಒಳ್ಳೆಯ ನೀರು ಅದೊಂದೇ.