ಕೇದಾರವೇನು ಕೊಬ್ಬರಿ ಅಟ್ಟವಾ?

ದಂಡಿನಶಿವರದ ಹುಚ್ಚಕ್ಕ ಬೇಡವೆಂದದ್ದನ್ನೇ ಮಾಡುವವಳು. ಕೆರೆಗಿಳಿಯಬೇಡ ಎಂದರೆ ಕೆರೆಯನ್ನೇ ಕುಡಿದು ಬರುವವಳು. ಆ ವರ್ಷ ತಿಪಟೂರಿನಿಂದ ಕೇದಾರಕ್ಕೆ ಯಾತ್ರೆ ಬಸ್ಸು ಹೊರಡುತ್ತದೆಂದು ಸುದ್ದಿ ಬಂತು. "ಗಂಡನಿಲ್ಲದ ಮುದುಕಿಗೆ ಅಷ್ಟು ದೂರ ಯಾಕೆ?" ಎಂದು ಊರು ಗೊಣಗಿತು. ಅವಳಿಗೆ ಅಷ್ಟೇ ಸಾಕಾಯಿತು. ತನಗೊಂದು, ತಂಗಿ ಪುಟ್ಟಗಂಗಮ್ಮನಿಗೊಂದು ಸೀಟು ಹಿಡಿದಳು. ಇಬ್ಬರ ಹೆಸರಲ್ಲೂ ಹರಕೆ ಕಟ್ಟಿದಳು: ಒದ್ದೆ ಸೀರೆ, ಬರಿಗಾಲು, ಉಪವಾಸ, ಎಲ್ಲೂ ಕೂರದೆ ಒಂದೇ ದಮ್ಮಿಗೆ ಬೆಟ್ಟ ಹತ್ತುವುದು.

ಇದನ್ನು ಕೇಳಿ ಅಣ್ಣನ ಮಗ ಸಣ್ಣತಿಮ್ಮಯ್ಯ ಓಡಿ ಬಂದ. ಮಿಲಿಟರಿ ಸೇರಿ ಲಡಾಖಿನ ಮಂಜಿನಲ್ಲಿ ಆರು ವರ್ಷ ಕಳೆದು ಬಂದವನು ಅವನು.

"ಅತ್ತೆ, ಬೆಚ್ಚಗಿನ ಬಟ್ಟೆ ಏನು ತಕಂಡಿದ್ದೀಯ?"

"ಎರಡು ನೂಲಿನ ಸೀರೆ, ಒಂದು ಬೀಸಣಿಗೆ."

"ಬೀಸಣಿಗೆನಾ!"

"ಹೂಂ ಕಣ್ಲಾ. ಕೊಬ್ಬರಿಗೆ ಕಾಯಿ ತುಂಬಿರೋ ನಮ್ಮ ಅಟ್ಟಕ್ಕೆ ಹತ್ತಿ ನೋಡು, ಮೈಯೆಲ್ಲಾ ಬೆಂದೋಯ್ತದೆ. ಕೆಳಗೆ ತಂಪು. ಆಳೆತ್ತರ ಹತ್ತಿದ್ರೇ ಈ ಪಾಟಿ ಶಕೆ. ಹನ್ನೆರಡು ಸಾವಿರ ಅಡಿ ಹತ್ತಿದ್ರೆ ಸೂರ್ಯನ ಒಲೆ ಮೇಲೇ ಕುಂತಂಗೆ!"

"ಅತ್ತೆ, ಅಟ್ಟದ ಕೆಳಗೆ ನಿನ್ನ ಒಲೆ ಐತೆ, ಅದರ ಬಿಸಿಯೆಲ್ಲಾ ಅಟ್ಟಕ್ಕೇ ಏರ್ತದೆ, ಮೇಲೆ ಕಾದ ಹೆಂಚೈತೆ. ಬೆಟ್ಟಕ್ಕೆ ಹೆಂಚು ಹೊದಿಸ್ದೋರು ಯಾರು? ಬಿಸಿಲಿಗೆ ಮೊದ್ಲು ಕಾಯೋದು ನೆಲ, ನೆಲದಿಂದ ಗಾಳಿ ಕಾಯ್ತದೆ. ಮೇಲಕ್ಕೆ ಹೋದಂಗೆ ಸಾವಿರ ಅಡಿಗೆ ಹೆಚ್ಚುಕಮ್ಮಿ ಎರಡು ಡಿಗ್ರಿ ತಣ್ಣಗಾಯ್ತದೆ. ಅಲ್ಲಿ ಒದ್ದೆ ಸೀರೆ ಉಟ್ರೆ ಸೀರೆ ಸಮೇತ ಸೆಟೆದುಕೊಳ್ತೀಯ."

"ಬುಡ್ಲಾ, ನನ್ನ ಉಸಿರು ಗಟ್ಟಿ ಐತೆ."

"ಅಲ್ಲಿ ಉಸಿರಿಗೇ ಬರ ಕಣತ್ತೆ. ಹುಲ್ಲಿನ ಮೆದೆ ನೋಡು. ಬುಡದ ಹುಲ್ಲು ಮೇಲಿನ ಭಾರಕ್ಕೆ ಒತ್ತಿ ಗಟ್ಟಿಯಾಗಿರ್ತದೆ. ತುದೀಲಿ ಸಡಿಲ, ಕೈ ಹಾಕಿದ್ರೆ ನಾಕೇ ಎಸಳು. ಗಾಳೀನೂ ಹಂಗೇಯ. ಎತ್ತರದಾಗೆ ಒತ್ತಡ ಕಮ್ಮಿ, ಒಂದೊಂದು ಉಸಿರಿಗೂ ಸಿಗೋ ಗಾಳಿ ಕಮ್ಮಿ. ಹುರುಳಿಕಾಳೂ ನೆಟ್ಟಗೆ ಬೇಯಲ್ಲ. ತಲೆ ಸಿಡಿದು, ವಾಂತಿಯಾಗಿ, ಕುಂತ್ರೂ ಏದುಸಿರು ನಿಲ್ದಿದ್ರೆ ಕೆಳಗಿಳೀಬೇಕು. ದೇವ್ರ ಬಾಗಿಲಲ್ಲಿದ್ರೂ ಇಳೀಬೇಕು."

"ಮಿಲಿಟರಿ ರಮ್ಮು ಇನ್ನೂ ಇಳಿದಿಲ್ಲ ನಿಂಗೆ!" ಎಂದಳು ಹುಚ್ಚಕ್ಕ. ಅವನು ಕೊಟ್ಟ ಎರಡು ಸ್ವೆಟರನ್ನು ತಲೆದಿಂಬು ಮಾಡಿಕೊಂಡು ಬಸ್ಸು ಹತ್ತಿದಳು.

ಬಸ್ಸಿನ ದಾರಿ ಮುಗಿದ ಕಡೆ ಹಿಂದಿನ ರಾತ್ರಿ ನೆನೆಸಿದ ಹುರುಳಿಕಾಳನ್ನು ಒಲೆಗಿಟ್ಟಳು. ನೀರು ಕೊತಕೊತ ಕುದಿಯಿತು. ಒಂದು ಕಾಡಿನಷ್ಟು ಸೌದೆ ಉರಿದರೂ ಕಾಳು ಕಲ್ಲಾಗಿಯೇ ಉಳಿಯಿತು. ಒತ್ತಡ ಕಡಿಮೆ ಇರುವಲ್ಲಿ ನೀರು ಪೂರಾ ಕಾಯುವ ಮೊದಲೇ ಕುದಿಯುತ್ತದೆ, ಅದಕ್ಕೇ ಕಾಳು ಬೇಗ ಬೇಯದು. ಹುಚ್ಚಕ್ಕನಿಗೆ ಸಣ್ಣತಿಮ್ಮಯ್ಯನ ಮಾತು ನೆನಪಾಯಿತು. ಆದರೂ ಮರುದಿನ ಹಠ ಬಿಡದೆ ತಂಗಿಯೊಂದಿಗೆ ಹತ್ತಿದಳು.

ದೇವಸ್ಥಾನ ಇನ್ನೊಂದೇ ಮೈಲಿ. ಪುಟ್ಟಗಂಗಮ್ಮ ಕುಸಿದು ಕೂತು ವಾಂತಿ ಮಾಡಿಕೊಂಡಳು. ತುಟಿ ನೇರಳೆ ಹಣ್ಣಾಗಿತ್ತು.

"ಅಕ್ಕಾ, ತಲೆಗೆ ಮಚ್ಚು ಹಾಕ್ದಂಗೈತೆ... ಉಸಿರು ಸಿಗ್ತಿಲ್ಲ..."

ಯಾತ್ರೆಯ ಯಜಮಾನ ಶ್ರೀರಂಗಯ್ಯ ಅವಸರ ಮಾಡಿದ. "ಹೊತ್ಕೊಂಡೋಗಾನ ನಡೀರಿ. ಬಾಗಿಲತಂಕ ಬಂದು ಹರಕೆ ಮುರಿದ್ರೆ ದೇವ್ರು ಸುಮ್ಕೆ ಬುಡ್ತಾನಾ? ಊರಾಗೆ ನಗ್ತಾರೆ ಕಣಮ್ಮ."

ಹುಚ್ಚಕ್ಕ ತಂಗಿಯ ಮುಖ ನೋಡಿದಳು. ಪಾಪದ್ದು, ಒಂದು ದಿನವೂ ಹರಕೆ ಬೇಕೆಂದು ಕೇಳಿದ್ದಿಲ್ಲ.

"ಹರಕೆ ನಂದು. ಅವಳ ತಲೆಗೆ ಕಟ್ಟಿದೋಳೂ ನಾನೇ. ದೇವ್ರು ಕೇಳಿದ್ರೆ ನಾನು ಜವಾಬು ಕೊಡ್ತೀನಿ. ನೀವು ದಾರಿ ಬುಡ್ರಿ!"

ತಂಗಿಯ ಒದ್ದೆ ಸೀರೆ ಬಿಚ್ಚಿಸಿ ಒಣಗಿದ್ದು ಉಡಿಸಿದಳು. ಎರಡೂ ಸ್ವೆಟರು ತೊಡಿಸಿದಳು. ಜನರನ್ನು ಬೆನ್ನ ಮೇಲೆ ಹೊರುವ ಕೂಲಿಯವನ ಬುಟ್ಟಿಯಲ್ಲಿ ಕೂರಿಸಿ, ಮಂತ್ರಿಯ ಜೀಪು ಬಂದರೂ ಸರಿಯುವುದಿಲ್ಲ ಎನ್ನುವ ಹಾಗೆ ಜನದ ನಡುವೆ ಇಳಿದಳು. ಒಂದು ಸಲವೂ ಹಿಂತಿರುಗಿ ನೋಡಲಿಲ್ಲ.

ಇಳಿದಂತೆಲ್ಲ ತಂಗಿಯ ಉಸಿರು ಹದಕ್ಕೆ ಬಂತು. ಕೆಳಗಿನ ಆಸ್ಪತ್ರೆಯ ಡಾಕ್ಟರು ಪರೀಕ್ಷೆ ಮಾಡಿ, ಇಳಿಸಿ ತಂದದ್ದೇ ದೊಡ್ಡ ಔಷಧಿ ಎಂದರು. ಸಂಜೆ ಹೊತ್ತಿಗೆ ಪುಟ್ಟಗಂಗಮ್ಮ ಕಣ್ಣು ಬಿಟ್ಟು, "ಅಕ್ಕಾ, ಆ ಹುರುಳಿಕಾಳು ಬೆಂತಾ?" ಅಂದಳು. ಹುಚ್ಚಕ್ಕ ನಕ್ಕಳೋ ಅತ್ತಳೋ, ಅವಳಿಗೇ ತಿಳಿಯಲಿಲ್ಲ.

ಊರು ನಕ್ಕಿತು, ಬಾಗಿಲು ಮುಟ್ಟದೆ ಬಂದಳೆಂದು. ಹುಚ್ಚಕ್ಕ ಜಗಲಿ ಮೇಲೆ ನಿಂತು ಹೇಳಿದಳು: "ಮುಂದಿನ ವರ್ಸ ಮತ್ತೆ ಹೋಯ್ತೀನಿ. ಉಂಡು, ಒಣಗಿದ ಸೀರೆ ಉಟ್ಟು, ಕುಂತು ಕುಂತು ಹತ್ತುತೀನಿ. ಅದ್ಯಾರು ತಡೀತೀರೋ ಬನ್ನಿ!"

ಯಾತ್ರೆಗೆ ಹೊರಟ ಅವ್ವಂದಿರೇ, ಅಪ್ಪಂದಿರೇ, ವಯಸ್ಸಾಯಿತು ಎನ್ನುವವರ ಮಾತಿಗೆ ಸೊಪ್ಪು ಹಾಕಬೇಡಿ, ಹೋಗಿ. ಹೊರಡುವ ಮುಂಚೆ ಡಾಕ್ಟರಿಗೆ ತೋರಿಸಿ. ಉಣ್ಣೆ ಬಟ್ಟೆ ಕಟ್ಟಿಕೊಳ್ಳಿ. ಉಪವಾಸ ಬೇಡ. ದಾರಿಯಲ್ಲಿ ಒಂದೆರಡು ರಾತ್ರಿ ತಂಗಿ, ನಿಧಾನಕ್ಕೆ ಹತ್ತಿ. ತಲೆ ಸಿಡಿದರೆ, ವಾಂತಿಯಾದರೆ, ಉಸಿರು ಕಟ್ಟಿದರೆ ಆಗಿಂದಾಗಲೇ ಕೆಳಗಿಳಿಯಿರಿ. ಯಾರಾದರೂ ನಕ್ಕರೆ ದಂಡಿನಶಿವರಕ್ಕೆ ಕಳಿಸಿಕೊಡಿ, ಹುಚ್ಚಕ್ಕ ವಿಚಾರಿಸಿಕೊಳ್ಳುತ್ತಾಳೆ.