ಹನ್ನೊಂದನೇ ಜೆರ್ಸಿಯ ಭವಿಷ್ಯ

ವೈಪರ್ ಆ ಕಡೆ ಹೋದಾಗ ಸಿಯಾಟಲ್‌ನ ಈ ಕ್ರೀಡಾಂಗಣದ ಹಿಂಬಾಗಿಲು ಕಾಣುತ್ತದೆ, ಈ ಕಡೆ ಬಂದಾಗ ಬರೀ ನೀರು, ಮತ್ತೆ ಬಾಗಿಲು, ಜಾನಕಿ ಒಳಗೆ ಹೋಗಿ ಇಪ್ಪತ್ತು ನಿಮಿಷವಾಯಿತು, ಮಗಳನ್ನ ಕರ್ಕೊಂಡು ಬರ್ತೀನಿ, ನೀವು ಮಾತ್ರ ಕಾರಿಂದ ಇಳೀಬೇಡಿ ಅಂದಳು, ಇಳಿದಿಲ್ಲ, ನಾನೇನು ಕಳ್ಳನೇ — ತೊಡೆಯ ಮೇಲೆ ಫೋನು ಒಂದೇ ಸಮನೆ ನಡುಗುತ್ತಿದೆ, ಓವರ್‌ಲೇಕ್‌ನ ನಮ್ಮ ಅಷ್ಟೂ ಆಫೀಸು ಕಟ್ಟಡಗಳು ಒಟ್ಟಿಗೆ ನನ್ನನ್ನು ಅಭಿನಂದಿಸುತ್ತಿವೆ, ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಚಕ್ರಪಾಣಿಯದೇ ಹದಿನಾಲ್ಕು ಮೆಸೇಜು, ಗುರುವೇ ಎಲ್ಲಿದೆ ಪಾದ, ಹನ್ನೆರಡನೇ ರ‍್ಯಾಂಕಿನ ಟೀಮು ಐದನೇದನ್ನ ಮಲಗಿಸಿಬಿಡ್ತು, ನೀವು ಹೇಳಿದ ಹಾಗೇ ಮಲಗಿಸ್ತು, ಸೋತ ಐದನೆಯದು ನನ್ನ ಮಗಳ ಕಾಲೇಜು ಎಂದು ಈ ಮಹಾಶಯನಿಗೆ ಗೊತ್ತಿಲ್ಲವೇ, ಗೊತ್ತಿದೆ, ಅದಕ್ಕೇ ಕೊನೆಗೊಂದು ಅಳುವ ಮುಖ ಅಂಟಿಸಿದ್ದಾನೆ. ಹೇಳಿದೆ, ಹೌದು, ನನ್ನಂಥ ಲೆಕ್ಕಿಗ ಸಿಯಾಟಲ್ ಪಕ್ಕದ ಈ ಸರೋವರದ ಎರಡೂ ದಡದಲ್ಲಿ ಇನ್ನೊಬ್ಬನಿಲ್ಲ, ಹದಿನೆಂಟು ವರ್ಷದ ಕಾಲೇಜು ಬ್ಯಾಸ್ಕೆಟ್‌ಬಾಲ್ ಟೂರ್ನಮೆಂಟುಗಳನ್ನು ಕಬ್ಬಿನ ಹಾಗೆ ಗಾಣಕ್ಕೆ ಕೊಟ್ಟವನು, ದೊಡ್ಡ ಟೀಮು ಎಲ್ಲಿ ಮುಗ್ಗರಿಸುತ್ತದೆ ಎಂದು ಅದರ ಕೋಚಿಗಿಂತ ಮೊದಲು ತಿಳಿಯುವವನು, ಗೆಲುವು ಸೋಲು ಎಣಿಸುವ ನನ್ನ ಕಂಪ್ಯೂಟರ್ ಮಾಡೆಲ್ ಓಡುವಾಗ ಲ್ಯಾಪ್‌ಟಾಪಿನ ಮೇಲೆ ದೋಸೆ ಹುಯ್ಯಬಹುದು, ಅಷ್ಟು ಬಿಸಿ, ಬರೆದದ್ದು ಸುಳ್ಳಾದದ್ದಿಲ್ಲ, ಆದದ್ದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಯುಗಾದಿಯ ದಿನ ಕರ್ಕ್‌ಲ್ಯಾಂಡ್‌ನ ಸಭಾಂಗಣದಲ್ಲಿ ನಮ್ಮ ಕನ್ನಡದವರ ಪಂಚಾಂಗ ಶ್ರವಣ, ಭಟ್ಟರು ಮಳೆ ಬೆಳೆ ಗ್ರಹಣ ಎಲ್ಲ ಓದಿ ಕೂತರು, ಚಕ್ರಪಾಣಿ ಮೈಕು ತಂದು ನನ್ನ ಕೈಗಿಟ್ಟ, ಈಗ ಬ್ಯಾಸ್ಕೆಟ್‌ಬಾಲ್ ಪಂಚಾಂಗ, ಬೇಡ ಕಣ್ರೀ ಎಂದು ಜಾನಕಿ ಜುಬ್ಬಾ ಜಗ್ಗಿದಳು, ಇನ್ನೂರು ಜನ — ಇನ್ನೂರೇನು, ಎರಡು ಸಾವಿರ — ಬಾಯಲ್ಲಿದ್ದ ಬೇವು ಬೆಲ್ಲ ನುಂಗುವುದನ್ನೂ ಮರೆತು ಕೇಳಿದರು. ಮಗಳ ಟೀಮನ್ನು ಬಿಟ್ಟು ಉಳಿದದ್ದು ಓದಬಹುದಿತ್ತು, ಆದರೆ ಚಪ್ಪಾಳೆಯ ಜಾಗ ಅದೇ ತಾನೇ, ಸ್ವಂತ ಮಗಳಿಗೂ ರಿಯಾಯಿತಿ ಕೊಡದ ಗಂಡಸು ಅನ್ನಿಸಿಕೊಳ್ಳುವುದು, ಐದನೆಯವರು ಮೊದಲ ಸುತ್ತಿನಲ್ಲೇ ಮನೆಗೆ, ಕಾರಣ ಹನ್ನೊಂದನೇ ಜೆರ್ಸಿ, ನಮ್ಮ ಪೂಜಿತಾ, ಎದುರಿನವರು ಫೌಲ್ ಮಾಡಿದ್ರೆ ಸಿಗೋ ಫ್ರೀ ಥ್ರೋ ಅಂದ್ರೆ ಯಾರೂ ಅಡ್ಡ ಬರದೆ ಒಬ್ಬಳೇ ನಿಂತು ಎಸೆಯೋದು, ಅವಳು ಎಸೆದದ್ದು ನೂರಕ್ಕೆ ಎಂಬತ್ತು ಬೀಳುತ್ತೆ, ಕೊನೇ ಎರಡು ನಿಮಿಷದಲ್ಲಿ ಮಾತ್ರ ನಲವತ್ತೊಂಬತ್ತು, ಎದುರಿನವರು ಅವಳನ್ನೇ ಹುಡುಕಿ ಫೌಲ್ ಮಾಡ್ತಾರೆ ನೋಡಿ, ಸಭೆ ಬಿದ್ದು ಬಿದ್ದು ನಕ್ಕಿತು, ಯಾರೋ ಕಳಿಸಿದ ವಿಡಿಯೊ ಊಟದ ಎಲೆ ಎತ್ತುವ ಮೊದಲೇ ಅವಳನ್ನು ಮುಟ್ಟಿತ್ತು, ಕೂಲ್, ಡ್ಯಾಡ್ ಎಂದು ಎರಡೇ ಪದ ಬರೆದಳು, ಮೆಚ್ಚಿದಳು ಎಂದುಕೊಂಡೆ, ನಾಲ್ಕು ಜನಕ್ಕೆ ತೋರಿಸಿಯೂ ಬಂದೆ. ಇವತ್ತು ಮಗಳ ಟೀಮಿನವರು ಒಂದು ಪಾಯಿಂಟು ಮುಂದಿದ್ದರು, ಒಂಬತ್ತು ಸೆಕೆಂಡು ಬಾಕಿ, ಎದುರಿನವರು ಅವಳನ್ನೇ ಹುಡುಕಿ ಫೌಲ್ ಮಾಡಿದರು, ಎರಡು ಎಸೆತ, ಎರಡೂ ತಪ್ಪಿದವು, ಚೆಂಡು ಹಿಡಿದ ಹುಡುಗಿ ಆ ತುದಿಗೆ ಓಡಿ ಬುಟ್ಟಿಗೆ ಹಾಕಿದಳು, ಮುಗಿಯಿತು, ಮಾಡೆಲ್ ಗೆದ್ದಿತು —

ಬಾಗಿಲು ತೆರೆಯಿತು, ಜಾನಕಿ, ಹಿಂದೆ ಯಾರೂ ಇಲ್ಲ, ಮುಂದಿನ ಸೀಟು ಬಿಟ್ಟು ಹಿಂದೆ ಹತ್ತಿದಳು, ಟೀಮ್ ಬಸ್ಸಲ್ಲೇ ಹೋಗ್ತಾಳಂತೆ. ರಜೆಗೆ? ರಜೆಗೂ ಬರಲ್ವಂತೆ. ನಾನು ಹೇಳಿದ್ದಕ್ಕೆ ಸೋತರು ಅಂತೀಯಾ, ಮಾಡೆಲ್ ಬಂದು ಚೆಂಡು ಮುಟ್ಟುತ್ತಾ ಜಾನಕಿ. ಹಾಗಂತ ಯಾರು ಅಂದ್ರು ರೀ, ನಲವತ್ತೊಂಬತ್ತು ಅವಳಿಗೆ ನಿಮಗಿಂತ ಮುಂಚೆ ಗೊತ್ತು, ಕೋಚೇ ಬೋರ್ಡಲ್ಲಿ ಬರ್ದಿದ್ರಂತೆ. ಮತ್ತೇನಂತೆ? ಮೊದಲನೇದು ಮಿಸ್ ಆದಾಗ ನಿಮ್ಮ ಕಡೆ ನೋಡಿದ್ಲಂತೆ, ಅಷ್ಟೇ, ಇನ್ನೇನೂ ಹೇಳಲಿಲ್ಲ, ನಾನೂ ಪಕ್ಕದಲ್ಲೇ ಇದ್ದೆನಲ್ಲ ರೀ, ನಡೀರಿ ಈಗ. ನೋಡಿದಳು, ಇಡೀ ಕ್ರೀಡಾಂಗಣದಲ್ಲಿ ನನ್ನನ್ನು ಹುಡುಕುವುದೇನು ಕಷ್ಟ, ನಮ್ಮ ಕಡೆಯವರೆಲ್ಲ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು, ಒಬ್ಬನೇ ಎದ್ದು ನಿಂತಿದ್ದ, ಚೆಂಡು ರಿಂಗಿಗೆ ಬಡಿದು ಹೊರಗೆ ಬಿದ್ದ ಸದ್ದಿಗೇ ಎದ್ದಿದ್ದ, ಬಲಗೈ ಮೇಲೆ, ಮುಷ್ಟಿ ಬಿಗಿದು, ಗೆದ್ದವನ ಮುಷ್ಟಿ, ನಾನು ಎತ್ತಲಿಲ್ಲ, ಅದಾಗಿಯೇ ಎದ್ದಿತು, ಇಳಿಸಿದೆ, ತಕ್ಷಣ ಇಳಿಸಿದೆ, ಇಳಿಸಿದೆನೇ, ರೆಫರಿ ಎರಡನೇ ಸಲ ಚೆಂಡು ಕೊಟ್ಟಾಗಲೂ ಅವಳು ರಿಂಗು ನೋಡಲಿಲ್ಲ, ಇತ್ತಲೇ ನೋಡುತ್ತಿದ್ದಳು, ಚೆಂಡು ಅವಳ ಕೈಯಲ್ಲಿ, ಮುಷ್ಟಿ ಮೇಲೆ, ಚೆಂಡು ಅವಳ ಕೈಯಲ್ಲಿ, ಮುಷ್ಟಿ ಮೇಲೆ