ಹಕ್ಕಿ ತೋರಿಸುವ ಯಂತ್ರ

ದೋಣಿಯವರೆಲ್ಲ ನಮ್ಮ ಅಣ್ಣನನ್ನು ಹದ್ದಣ್ಣ ಎಂದು ಕರೆಯುತ್ತಿದ್ದರು. ಸುತ್ತ ನೀರು ಬಿಟ್ಟರೆ ಬೇರೇನೂ ಇಲ್ಲದ ಆಳಸಮುದ್ರದಲ್ಲಿ ಅವನು ಚಾಲಕನ ಕೋಣೆಯ ಮಾಡಿನ ಮೇಲೆ ನಿಂತು, ಕೈ ಚಾಚಿ, "ಅಲ್ಲಿ" ಎನ್ನುವನು. ನಮ್ಮ ಕಣ್ಣಿಗೆ ಏನೂ ಬೀಳದು. ಅರ್ಧ ಗಂಟೆ ಓಡಿದ ಮೇಲೆ ಹಕ್ಕಿಗಳ ಹಿಂಡು ಕಾಣಿಸುವುದು. ಅದರ ಕೆಳಗೆ ಕುದಿಯುವ ನೀರು, ನೀರಿನೊಳಗೆ ಟ್ಯೂನಾ. ಟ್ಯೂನಾ ಸಣ್ಣ ಮೀನನ್ನು ಕೆಳಗಿನಿಂದ ಅಟ್ಟಿಕೊಂಡು ಬರುತ್ತದೆ, ಹಕ್ಕಿ ಮೇಲಿನಿಂದ ಎರಗುತ್ತದೆ. ದೇವರು ಇಬ್ಬರಿಗೂ ಒಂದೇ ತಟ್ಟೆಯಲ್ಲಿ ಬಡಿಸಿದ್ದಾನೆ. ನಾನು ಎಂಜಿನ್ ನೋಡಿಕೊಳ್ಳುವ ತಮ್ಮ. ಅಣ್ಣನ ಕೈ ಹೋದ ಕಡೆ ದೋಣಿ ಓಡಿಸುವುದನ್ನೇ ಪೂಜೆ ಎಂದುಕೊಂಡು ಮೂವತ್ತು ವರ್ಷ ಕಳೆದವನು.

ಎರಡು ವರ್ಷಗಳಿಂದ ಆ ಕೈ ತಪ್ಪತೊಡಗಿತ್ತು. "ಅಲ್ಲಿ" ಎಂದ ಕಡೆ ಹೋದರೆ ಬರೀ ಅಲೆಯ ನೊರೆ. ಒಮ್ಮೆ ತೇಲುವ ದಿಮ್ಮಿ. ದೋಣಿಯ ಅಡುಗೆಯವನು ಪಾತ್ರೆ ತಿಕ್ಕುತ್ತ, "ಹಕ್ಕಿಗಳಿಗೂ ಈಗ ಬುದ್ಧಿ ಬಂದ್ಬಿಟ್ಟಿದೆ. ನಮ್ಮನ್ನ ಕಂಡ ಕೂಡ್ಲೇ ಮುಳುಗಿ ಕೂತ್ಕೋತವೆ" ಎಂದ. ಎಲ್ಲರೂ ನಕ್ಕರು. ಅಣ್ಣನೂ ನಕ್ಕ, ಆದರೆ ಆ ನಗು ಗಂಟಲಿನಿಂದ ಕೆಳಗಿಳಿಯಲಿಲ್ಲ.

ಅಷ್ಟರಲ್ಲಿ ದೋಣಿಗೆ ಮೀನು ಹುಡುಕುವ ಯಂತ್ರ ತರುವುದೆಂದು ಆಯಿತು. ನಮ್ಮ ಬ್ಯಾಟರಿ ತಾಳುವುದು ಒಂದನ್ನೇ. ಅಣ್ಣ, ನಾನು, ಅಣ್ಣನ ಮಗಳು ಮೂವರೂ ಹೊರಟೆವು. ಮಗಳು ದೋಣಿಗಳ ವೈರ್‌ಲೆಸ್ ರಿಪೇರಿ ಮಾಡುವವಳು. ಬೆರಳ ತುದಿಯಲ್ಲಿ ಸದಾ ಬೆಸುಗೆಯ ಸುಟ್ಟ ಕಲೆ. ಬಂದರಿನ ಹಿಂದಿನ ಬೀದಿಯಲ್ಲಿ, ಹಗ್ಗದ ಅಂಗಡಿಗೂ ವೆಲ್ಡಿಂಗ್ ಶೆಡ್ಡಿಗೂ ನಡುವೆ, ಇಬ್ಬರು ಎದುರಾದರೆ ಒಬ್ಬರು ಹಿಂದೆ ಸರಿಯಬೇಕಾದಷ್ಟು ಕಿರಿದಾದ ಅಂಗಡಿ ಅದು.

ಅಂಗಡಿಯವನು ಅಗಲ ಪರದೆಯ ಸೋನಾರ್ ಹಚ್ಚಿದ. ನೀಲಿ, ಹಳದಿ, ಕೆಂಪು ಬಣ್ಣಗಳು ಹರಿದಾಡಿದವು. "ನೋಡಿ ಯಜಮಾನ್ರೇ, ಸಮುದ್ರದ ಹೊಟ್ಟೆಗೇ ಎಕ್ಸ್‌ರೇ ತೆಗೆದ ಹಾಗೆ!"

ಅಣ್ಣನ ಮುಖ ಅರಳಿತು. "ಇದೇ ಇರ್ಲಿ. ನೀರಿನ ಮೇಲಿಂದು ನಾನು ನೋಡ್ಕೋತೀನಿ, ಒಳಗಿಂದು ಇದು ನೋಡ್ಕೊಳ್ಳಲಿ."

ಮಗಳು ಗೋಡೆಯ ಪಕ್ಕದ ಇನ್ನೊಂದು ಯಂತ್ರದ ಮುಂದೆ ನಿಂತಿದ್ದಳು. "ಅಪ್ಪಾ, ನಮಗೆ ಬೇಕಾಗಿರೋದು ಈ ರೇಡಾರ್."

"ಅದು ಹಡಗಿಗೆ ಹಡಗು ಡಿಕ್ಕಿ ಹೊಡೀಬಾರ್ದು ಅಂತ ಇಡೋದಲ್ವೇನೇ?"

"ಇದು ಹಕ್ಕೀನೂ ತೋರಿಸುತ್ತೆ. ನಾಲ್ಕೈದು ಮೈಲಿ ಆಚೆ ಹಾರೋ ಹಿಂಡು. ಆ ಸೋನಾರ್ ತೋರ್ಸೋದು ದೋಣಿ ಕಾಲಡಿ ಇರೋದನ್ನ. ಟ್ಯೂನಾ ಏನು ನಮ್ಮ ಕಾಲಡಿ ಬಂದು ಚಕ್ಕಳಮಕ್ಕಳ ಹಾಕ್ಕೊಂಡು ಕೂರುತ್ತಾ? ಮೊದ್ಲು ಅದರ ಹತ್ರ ಹೋಗ್ಬೇಕಲ್ಲ!"

ನನಗೆ ಆಗ ಹೊಳೆಯಿತು. ಸೋನಾರ್ ತಂದರೆ ಅದು ಅಣ್ಣ ಎಂದೂ ಮಾಡದ ಕೆಲಸವನ್ನು ಮಾಡುತ್ತದೆ, ಅವನ ಗೌರವಕ್ಕೆ ಮುಕ್ಕಿಲ್ಲ. ರೇಡಾರ್ ಮಾಡುವುದು ಅವನದೇ ಕೆಲಸ. ಅದನ್ನು ಮಾಡಿನ ಮೇಲೆ ಕೂರಿಸುವುದೆಂದರೆ ಹದ್ದಿನ ಕಣ್ಣು ಹೋಯಿತೆಂದು ಬಂದರಿಗೆಲ್ಲ ಡಂಗುರ ಸಾರಿದ ಹಾಗೆ.

"ಹಕ್ಕಿ ನೋಡೋಕೆ ನಿನ್ನಪ್ಪ ಇನ್ನೂ ಬದುಕಿದಾನೆ" ಎಂದ ಅಣ್ಣ.

ಮಗಳು ಜಗಳಕ್ಕೆ ನಿಲ್ಲಲಿಲ್ಲ. ಯಂತ್ರದ ಪೆಟ್ಟಿಗೆಯನ್ನು ಅವನ ಕೈಗಿತ್ತಳು. "ಇದರ ಸಣ್ಣ ಅಕ್ಷರ ಓದು ನೋಡೋಣ." ಅಣ್ಣ ಗಡಗಡ ಓದಿದ. "ಹತ್ತು ವರ್ಷ ಕನ್ನಡಕ ಇಲ್ದೆ ಪೇಪರ್ ಓದ್ತಿರಲಿಲ್ಲ ನೀನು. ಈಗ ಓದ್ತೀಯ. ಅಪ್ಪಂಗೆ ಕಣ್ಣು ವಾಪಸ್ ಬಂತು ಅಂತ ಮನೆಯವ್ರೆಲ್ಲ ಹಿಗ್ಗಿದ್ವಿ. ಹತ್ತಿರದ್ದು ಬಂದಿದೆ ಅಪ್ಪಾ, ದೂರದ್ದು ಹೋಗಿದೆ. ವಯಸ್ಸಾದ್ಮೇಲೆ ಕೆಲವ್ರಿಗೆ ಹೀಗಾಗುತ್ತಂತೆ. ಬೀದಿ ಕೊನೇಲಿರೋ ಬೋರ್ಡ್ ಓದು."

ಅಣ್ಣ ಬಾಗಿಲಿಗೆ ಹೋಗಿ ನಿಂತ. ಕಣ್ಣು ಕಿರಿದು ಮಾಡಿ ಬೀದಿಯುದ್ದಕ್ಕೂ ನೋಡಿದ. ಕೊನೆಗೆ ಮೆಲ್ಲಗೆ ಕೇಳಿದ: "ಅಲ್ಲೊಂದು ಬೋರ್ಡ್ ಇದೆಯಾ?"

ಅಂಗಡಿಯವನು ಸಮಾಧಾನಕ್ಕೆಂದು, "ದೂರಕ್ಕೂ ಕನ್ನಡಕ ಹಾಕಿದ್ರಾಯ್ತು ಬಿಡಿ" ಎಂದ.

"ಮಾಡಿನ ಮೇಲೆ ಹತ್ತು ನಿಮಿಷ ನಿಂತ್ರೆ ಗಾಜಿನ ಮೇಲೆ ಉಪ್ಪು ಕೂರುತ್ತೆ ಮಾರಾಯ" ಎಂದು ಅಣ್ಣ ತಿರುಗಿದ. ಪಕ್ಕದ ಅಂಗಡಿಯಲ್ಲಿ ಹಗ್ಗ ಅಳೆಸುತ್ತಿದ್ದ ಬೇರೆ ದೋಣಿಯ ಇಬ್ಬರಿಗೂ ಕೇಳುವ ಹಾಗೆ ಹೇಳಿದ: "ಆ ರೇಡಾರ್ ಕೊಡಿ. ನನಗೆ ದೂರದ್ದು ಕಾಣಿಸ್ತಿಲ್ಲ."

ಬಿರುಗಾಳಿಯಲ್ಲಿ ಚುಕ್ಕಾಣಿ ಹಿಡಿದ ಅಣ್ಣನನ್ನು ನೋಡಿದ್ದೇನೆ. ಆಳೆತ್ತರದ ಮೀನನ್ನು ಒಬ್ಬನೇ ಎಳೆದದ್ದನ್ನು ನೋಡಿದ್ದೇನೆ. ಆ ಇಕ್ಕಟ್ಟಿನ ಅಂಗಡಿಯಲ್ಲಿ ಕಂಡಷ್ಟು ಎತ್ತರ ಅವನು ನನಗೆ ಎಂದೂ ಕಂಡಿರಲಿಲ್ಲ.

ಅಂಗಡಿಯ ಮೆಕ್ಯಾನಿಕ್ ಬಂದು ಯಂತ್ರ ಕೂರಿಸಿದ. ತೊಳೆದ ತಟ್ಟೆಯಂಥ ಪರದೆ ತೋರಿಸಿ, "ಒಂದು ಚುಕ್ಕೆ ಕಸ ಇಲ್ಲ, ನೋಡ್ಕೊಳ್ಳಿ" ಎಂದು ಎದೆ ಸೆಟೆಸಿ ಹೋದ. ಮೊದಲ ಪ್ರಯಾಣಕ್ಕೆ ಮಗಳೂ ಬಂದಳು. ಆಳಸಮುದ್ರ ಮುಟ್ಟಿದ ದಿನ ನಡುಹಗಲಾದರೂ ಪರದೆ ಹಾಗೇ ಖಾಲಿ.

"ಹದ್ದಿಗೆ ಸಿಗದ್ದು ಪೆಟ್ಟಿಗೆಗೂ ಸಿಗ್ತಿಲ್ಲ" ಎಂದು ಅಡುಗೆಯವನು ಒಲೆಗೆ ಹೇಳಿದ.

ಅಣ್ಣ ಬಗ್ಗಿ ಪರದೆಯನ್ನೇ ದಿಟ್ಟಿಸುತ್ತಿದ್ದ. "ಮಗಳೇ, ಇಷ್ಟು ಶುಭ್ರವಾದ ಸಮುದ್ರ ದೇವರು ಎಲ್ಲಾದ್ರೂ ಮಾಡಿದಾನಾ? ಹೊರಗೆ ಅಲೆ ಏಳ್ತಿದೆ. ಇದರಲ್ಲಿ ಒಂದು ನೊರೆ ಚುಕ್ಕೆ ಬೇಡ್ವಾ?"

ಮಗಳು ಹಣೆ ಬಡಿದುಕೊಂಡಳು. "ಅಯ್ಯೋ! ಆ ಮೆಕ್ಯಾನಿಕ್ ಪುಣ್ಯಾತ್ಮ ಹಡಗು ಮಾತ್ರ ಕಂಡ್ರೆ ಸಾಕು ಅಂತ ಸಣ್ಣದನ್ನೆಲ್ಲ ಕಸ ಅಂದ್ಕೊಂಡು ಗುಡಿಸಿಬಿಟ್ಟಿದಾನೆ. ಹಕ್ಕೀನೂ ಸೇರಿಸಿ! ನಾನಾದ್ರೂ ನೋಡ್ಬಾರ್ದಿತ್ತಾ?" ಗುಂಡಿ ತಿರುಗಿಸಿದಳು. ಪರದೆಯ ತುಂಬ ರವೆ ಚೆಲ್ಲಿದಂತೆ ಚುಕ್ಕೆಗಳು. "ಈಗ ಕಸಾನೂ ಬಂತು."

"ಬರ್ಲಿ ಬಿಡು. ಹಕ್ಕಿ ಅದರೊಳಗೇ ಇರೋದು." ಅಣ್ಣ ಪರದೆಗೆ ಗೇಣು ದೂರದಲ್ಲಿ ಮುಖ ಇಟ್ಟ. ದೂರವನ್ನು ಕಸಿದುಕೊಂಡ ದೇವರು ಅದನ್ನೇ ಅವನ ಮೂಗಿನ ಮುಂದೆ ತಂದಿಟ್ಟಿದ್ದ. ಪರದೆಯಲ್ಲಿ ತಿರುಗುವ ಗೆರೆಯ ಒಂದು ಸುತ್ತಿನಲ್ಲಿ ಕಂಡ ನೊರೆ ಮರುಸುತ್ತಿನಲ್ಲಿ ಮಾಯವಾಗುತ್ತಿತ್ತು. ಮಾಯವಾಗದೆ ಉಳಿದದ್ದು ಎರಡೇ ಗುಂಪು, ಒಂದು ದೊಡ್ಡದು, ಒಂದು ಚಿಟಿಕೆಯಷ್ಟು.

"ದೊಡ್ಡದಕ್ಕೆ ಹೋಗೋಣ, ನಡೀರಿ" ಎಂದೆ ನಾನು.

"ಅದು ಆಗ್ಲಿಂದ ಒಂದೇ ಕಡೆ ಸುತ್ತುತ್ತಿದೆ ಕಣೋ. ಯಾವ್ದೋ ದೋಣಿಯವ್ರು ಚೆಲ್ಲಿದ ಮೀನಿನ ಕರುಳಿಗೆ ಕಿತ್ತಾಡ್ತಿವೆ. ಈ ಸಣ್ಣದು ನೋಡು, ಸುತ್ತು ಸುತ್ತಿಗೂ ಗಾಳಿಗೆ ಎದುರಾಗಿ ಜರುಗ್ತಿದೆ. ಹಕ್ಕಿ ಸುಮ್ಸುಮ್ನೆ ಅಷ್ಟು ಕಷ್ಟ ಪಡಲ್ಲ. ಕೆಳಗಿಂದ ಯಾರೋ ಸಣ್ಣ ಮೀನನ್ನ ಓಡಿಸ್ಕೊಂಡು ಹೋಗ್ತಿದಾರೆ." ಅವನ ಬೆರಳು ಪರದೆಯ ಮೇಲೆ ನಿಂತಿತು. "ಅಲ್ಲಿ. ನೇರ ಮೇಲೆ ಬೀಳ್ಬೇಡ ತಮ್ಮಾ. ಅದು ಹೋಗೋ ಕಡೆ ಎರಡು ಬೆರಳು ಮುಂದಕ್ಕೆ ದೋಣಿ ಹಿಡಿ."

ಹಿಡಿದೆ. ಅರ್ಧ ಗಂಟೆಯ ಮೇಲೆ ಹಕ್ಕಿಗಳು ಕಂಡವು, ಕುದಿಯುವ ನೀರು ಕಂಡಿತು. ಗಾಳದ ಹಗ್ಗಗಳು ಒಂದರ ಹಿಂದೊಂದು ಬಿಗಿದುಕೊಂಡವು. ಅಡುಗೆಯವನು ಒಲೆ ಆರಿಸಿ ಓಡಿ ಬಂದು ಹಗ್ಗಕ್ಕೆ ಕೈ ಕೊಟ್ಟ. ಸಂಜೆಯಾಗುವಾಗ ಮಂಜುಗಡ್ಡೆಯ ಕೋಣೆಯ ಬಾಗಿಲು ಒತ್ತಿ ಹಾಕಬೇಕಾಯಿತು.

ಬಂದರಿನಲ್ಲಿ ಮೀನು ಇಳಿಸುವಾಗ, ಅಂದು ಹಗ್ಗ ಅಳೆಸುತ್ತಿದ್ದವನೊಬ್ಬ ಕೆಣಕಿದ. "ಏನ್ ಹದ್ದಣ್ಣಾ, ಕಣ್ಣು ಹೋಯ್ತಂತೆ?"

"ಹ್ಞೂಂ, ಹೋಗಿದೆ" ಎಂದ ಅಣ್ಣ, ಮಗಳು ಪರೀಕ್ಷೆಯಲ್ಲಿ ಮೊದಲು ಬಂದಳೆಂದು ಹೇಳುವವನ ಧಾಟಿಯಲ್ಲಿ. "ಮನೇಲಿ ಯಾರಿಗೂ ಗೊತ್ತಾಗಿರಲಿಲ್ಲ. ಕಂಡುಹಿಡಿದಿದ್ದು ನಮ್ಮ ಹುಡುಗೀನೇ."